ಪದ ಬೇಕಿದೆ: ಮೆನ್ನೊ ಸೈಮನ್ಸ್ ಜೀವನದಲ್ಲಿ ‘ಮರುದೀಕ್ಷೆ’ ಮತ್ತು ‘ಬಹಿಷ್ಕಾರ’

ಎಲ್ಲರಿಗೂ ನಮಸ್ಕಾರ.

ಮೆನ್ನೊ ಸೈಮನ್ಸ್ ಅವರ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಜೀವನಚಿತ್ರ ಬರೆಯುತ್ತಿದ್ದೇನೆ. ಮೆನ್ನೊನೈಟ್ ಅನ್ನುವ ಕ್ರೈಸ್ತ ಪಂಗಡಕ್ಕೆ ಹೆಸರು ಬಂದದ್ದು ಇವರಿಂದಲೇ. ಕಥೆ ಸರಾಗವಾಗಿ ಸಾಗುತ್ತದೆ, ಆದರೆ ಎರಡು ಪದಗಳ ಹತ್ತಿರ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಮೆನ್ನೊ ಹುಟ್ಟಿದ್ದು 1496ರಲ್ಲಿ, ಇವತ್ತಿನ ನೆದರ್ಲೆಂಡ್ಸಿನ ಫ್ರೀಸ್‌ಲಾಂಡಿನ ವಿಟ್ಮಾರ್ಸುಮ್ ಹಳ್ಳಿಯಲ್ಲಿ. 1524ರಲ್ಲಿ ಕ್ಯಾಥೊಲಿಕ್ ಗುರುವಾದರು, ಪಕ್ಕದ ಪಿಂಗ್ಯುಮ್ ಹಳ್ಳಿಯಲ್ಲಿ ಕೆಲಸ ಶುರು ಮಾಡಿದರು. 1531ರಲ್ಲಿ ಲೇವಾರ್ಡನ್ ಊರಿನಲ್ಲಿ ಆಳುವವರು ಸಿಕ್ಕೆ ಫ್ರೀರ್ಕ್ಸ್ ಎಂಬ ದರ್ಜಿಯ ತಲೆ ಕಡಿಸಿದರು. ಅವನ ಅಪರಾಧ, ದೊಡ್ಡವನಾದ ಮೇಲೆ ಇನ್ನೊಮ್ಮೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್, ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವಾಗ ನೀರಿನಿಂದ ಮಾಡುವ ಸಂಸ್ಕಾರ) ಪಡೆದದ್ದು. ಎರಡನೇ ದೀಕ್ಷಾಸ್ನಾನ ಅನ್ನುವ ಮಾತೇ ವಿಚಿತ್ರವಾಗಿ ಕೇಳಿಸಿತು ಅಂತ ಮೆನ್ನೊ ಆಮೇಲೆ ಬರೆದುಕೊಂಡಿದ್ದಾರೆ. ಬೈಬಲಿನಲ್ಲಿ ಹುಡುಕಿದರು, ಎಳೆಕೂಸಿಗೆ ದೀಕ್ಷಾಸ್ನಾನ ಕೊಡಬೇಕು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಆದರೂ 1536ರ ಜನವರಿವರೆಗೆ ಗುರುವಾಗಿಯೇ ಇದ್ದರು. ಆಮೇಲೆ ಎಲ್ಲ ಬಿಟ್ಟು ಹೊರಟರು.

ಮೊದಲ ತೊಡಕು ಇಲ್ಲೇ ಇದೆ. ದೊಡ್ಡವರಾದ ಮೇಲೇ ದೀಕ್ಷಾಸ್ನಾನ ಅನ್ನುತ್ತಿದ್ದ, ಮೆನ್ನೊ ಹೋಗಿ ಸೇರಿದ ಈ ಜನರನ್ನು ಇತಿಹಾಸದಲ್ಲಿ ಅನಾಬ್ಯಾಪ್ಟಿಸ್ಟ್ ಅನ್ನುತ್ತಾರೆ. ಕನ್ನಡದಲ್ಲಿ ಸುಲಭಕ್ಕೆ ಹೊಳೆಯುವುದು ‘ಮರುದೀಕ್ಷೆಯವರು’. ಅರ್ಥ ನೋಡಿದರೆ ತಪ್ಪಿಲ್ಲ. ಆದರೆ ‘ಮರು’ ಅಂದ ಕೂಡಲೇ ಮೊದಲನೆಯದು ಆಗಿಹೋಗಿದೆ ಅಂತ ಒಪ್ಪಿಕೊಂಡ ಹಾಗೆ, ಅಲ್ವಾ? ಮರುಎಣಿಕೆ ಅಂದರೆ ಒಮ್ಮೆ ಎಣಿಸಿಯಾಗಿದೆ ಅಂತಲೇ ಅರ್ಥ. ಮೆನ್ನೊ ಒಪ್ಪದೇ ಇದ್ದದ್ದು ಅದನ್ನೇ. ಕೂಸಿಗೆ ಮಾಡಿದ್ದು ದೀಕ್ಷಾಸ್ನಾನವೇ ಅಲ್ಲ, ತಿಳಿದು ನಂಬಿದ ಮೇಲೆ ಪಡೆಯುವುದೇ ಮೊದಲನೆಯದು ಅನ್ನುವುದು ಅವರ ವಾದ. ‘ಮರು’ ಅನ್ನುವುದು ಎದುರಾಳಿಗಳ ಪದ. ಸುಮ್ನೆ ಹಂಗಿಸುವ ಹೆಸರೂ ಅಲ್ಲ. ಎರಡನೇ ಸಲ ದೀಕ್ಷಾಸ್ನಾನ ಕೊಟ್ಟವರಿಗೂ ಪಡೆದವರಿಗೂ ಮರಣದಂಡನೆ ಅಂತ ಹಳೆಯ ರೋಮನ್ ಕಾನೂನಿನಲ್ಲಿತ್ತು, 1529ರಲ್ಲಿ ಜರ್ಮನಿಯ ಸ್ಪೇಯರ್ ಊರಿನಲ್ಲಿ ಸೇರಿದ ಸಾಮ್ರಾಜ್ಯದ ರಾಜಸಭೆ ಅದನ್ನು ಮತ್ತೆ ಜಾರಿಗೆ ತಂದಿತು. ಹಾಗಾಗಿ ಆ ಹೆಸರು ಅಂಟಿತು ಅಂದರೆ ಕುತ್ತಿಗೆಗೇ ಬಂತು ಅಂತ ಲೆಕ್ಕ.

ಡಚ್ ಮೆನ್ನೊನೈಟರು ತಮ್ಮನ್ನು ಕರೆದುಕೊಳ್ಳುವುದು ‘ಡೋಪ್ಸ್‌ಗೆಜಿಂಡ್’ ಅಂತ. ದೀಕ್ಷಾಸ್ನಾನದ ಕಡೆ ಮನಸ್ಸುಳ್ಳವರು ಅಂತ ಅದರ ಅರ್ಥ. ‘ಮರು’ ಅದರಲ್ಲಿ ಇಲ್ಲವೇ ಇಲ್ಲ. ನಾನು ಸದ್ಯಕ್ಕೆ ಮಾಡಿರುವುದು ಹೀಗೆ: ಆಳುವವರು, ನ್ಯಾಯಾಧೀಶರು ಮಾತಾಡುವಾಗ ‘ಮರುದೀಕ್ಷೆಯವರು’, ನಾನು ಕಥೆ ಹೇಳುವಾಗ ‘ಅನಾಬ್ಯಾಪ್ಟಿಸ್ಟರು’. ಓದುವವರಿಗೆ ಗೊಂದಲ ಆಗುತ್ತದಾ? ‘ವಯಸ್ಕ ದೀಕ್ಷೆಯವರು’ ಅಂತಲೂ ಬರೆದು ನೋಡಿದೆ. ಯಾವುದೋ ಸರ್ಕಾರಿ ಯೋಜನೆಯ ಹೆಸರಿನ ಹಾಗೆ ಕೇಳಿಸಿತು, ಬಿಟ್ಟೆ.

ಇದಕ್ಕೇ ಅಂಟಿದ ಇನ್ನೊಂದು ಮಾತು. ಕನ್ನಡದ ಕ್ಯಾಥೊಲಿಕರು ‘ಜ್ಞಾನಸ್ನಾನ’ ಅನ್ನುತ್ತಾರೆ, ಪ್ರೊಟೆಸ್ಟಂಟರು ‘ದೀಕ್ಷಾಸ್ನಾನ’ ಅನ್ನುತ್ತಾರೆ. ಮೆನ್ನೊ ಗುರುವಾಗಿದ್ದ ಹನ್ನೆರಡು ವರ್ಷಕ್ಕೆ ಮೊದಲನೆಯದು, ಆಮೇಲಿನದಕ್ಕೆ ಎರಡನೆಯದು ಹಾಕೋಣವೇ? ತಮಾಷೆ ಏನೆಂದರೆ, ‘ಜ್ಞಾನ’ ಬಂದ ಮೇಲೇ ಆಗಬೇಕು ಅಂತ ಹಟ ಹಿಡಿದವರು ಮೆನ್ನೊ! ‘ಸ್ನಾನ’ವೂ ಪೂರ್ತಿ ಹೊಂದುವುದಿಲ್ಲ. ಅವರಲ್ಲಿ ಹೊಳೆಯಲ್ಲಿ ಮುಳುಗಿಸುವ ರೂಢಿ ಇರಲಿಲ್ಲ, ಒಂದು ಹಿಡಿ ನೀರಿನ ಮಾತನ್ನೇ ಮೆನ್ನೊ ಬರೆಯುತ್ತಾರೆ. ಆದರೆ ಇದನ್ನು ಜಾಸ್ತಿ ಎಳೆಯಲಾರೆ, ‘ದೀಕ್ಷಾಸ್ನಾನ’ ಬೇರೂರಿದ ಪದ.

ಎರಡನೇ ತೊಡಕು ನನಗೆ ಹೆಚ್ಚು ಕಷ್ಟದ್ದು. ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ಇದೇ ಅನಾಬ್ಯಾಪ್ಟಿಸ್ಟರಲ್ಲಿ ಕೆಲವರು 1534ರಲ್ಲಿ ಕೈಗೆ ತೆಗೆದುಕೊಂಡು, ಕತ್ತಿ ಹಿಡಿದು, ಲೈಡನ್ನಿನ ಯಾನ್ ಎಂಬಾತನನ್ನು ರಾಜನನ್ನಾಗಿ ಮಾಡಿಕೊಂಡರು. ಮರುವರ್ಷ ಅದು ರಕ್ತಪಾತದಲ್ಲಿ ಮುಗಿಯಿತು. ಉಳಿದು ಚದುರಿದ ಜನರನ್ನು ಕತ್ತಿ ಬಿಡಿಸಿ ಒಟ್ಟುಗೂಡಿಸುವ ಕೆಲಸ ಮೆನ್ನೊ ಪಾಲಿಗೆ ಬಂತು. ರಾಜ ಕಾಪಾಡದ, ಕತ್ತಿ ಹಿಡಿಯದ ಸಭೆಗೆ, ಅಂದರೆ ಭಕ್ತರ ಕೂಟಕ್ಕೆ, ಶಿಸ್ತು ಎಲ್ಲಿಂದ ಬರಬೇಕು? ತಪ್ಪು ಮಾಡಿ ತಿದ್ದಿಕೊಳ್ಳದವರನ್ನು ಹೊರಗಿಡುವುದೊಂದೇ ದಾರಿ ಅಂದರು. ಇದಕ್ಕೆ ಅವರ ಪದ ‘ಬಾನ್’. ಹೊರಗಿಟ್ಟವರ ಜೊತೆ ಉಣ್ಣದೆ, ವ್ಯವಹಾರ ಮಾಡದೆ ದೂರವಿರುವುದಕ್ಕೆ ಬೇರೆ ಪದ, ‘ಮೈಡಿಂಗ್’.

ನಿಘಂಟು ನೋಡಿದರೆ ಎರಡಕ್ಕೂ ‘ಬಹಿಷ್ಕಾರ’ ಅಂತಲೇ ಹೊಂದಿಸಬೇಕಾಗುತ್ತದೆ. ನಮ್ಮಲ್ಲಿ ಬಹಿಷ್ಕಾರ ಹಾಕುವುದು ಅಂದರೆ ಊರು ಅಥವಾ ಜಾತಿ ಒಂದು ಮನೆಗೆ ನೀರು, ಬೆಂಕಿ, ಕೆಲಸ ತಪ್ಪಿಸುವುದು. ಬಹಳ ಸಲ ಏನೂ ತಪ್ಪಿಲ್ಲದ ಬಡವರಿಗೆ. ಆ ಪದ ಬಿದ್ದ ಕೂಡಲೇ ಓದುಗರು ಮೆನ್ನೊ ಅವರನ್ನು ಊರ ಪಂಚಾಯ್ತಿ ಕಟ್ಟೆಯ ಮೇಲೆ ಕೂರಿಸಿಬಿಡುತ್ತಾರೆ. ಇಲ್ಲಿ ಹೊರಗಿಡುತ್ತಿದ್ದವರು ತಾವೇ ತಲೆಮರೆಸಿಕೊಂಡವರು. 1539ರಲ್ಲಿ ಮೆನ್ನೊಗೆ ಮನೆಯಲ್ಲಿ ಜಾಗ ಕೊಟ್ಟ ತಪ್ಪಿಗೆ ಟ್ಯಾರ್ಡ್ ಎಂಬ ರೈತನನ್ನು ಕೊಂದರು. 1542ರಲ್ಲಿ ಮೆನ್ನೊ ತಲೆಗೆ ಚಕ್ರವರ್ತಿ ಐದನೇ ಚಾರ್ಲ್ಸ್ 100 ಗಿಲ್ಡರ್ ಬಹುಮಾನ ಕಟ್ಟಿದ.

ಬಾನ್‌ಗೆ ‘ಸಭೆಯಿಂದ ಹೊರಗಿಡುವುದು’ ಅಂತ ಇಟ್ಟುಕೊಂಡಿದ್ದೇನೆ. ಮೈಡಿಂಗ್‌ಗೆ ‘ಸಹವಾಸ ಬಿಡುವುದು’ ಅನ್ನಲೇ? ಎಂಡೆನ್ ಊರಿನ ಜಗಳ ಓದಿದ ಮೇಲೆ ಈ ಪದದ ಮೇಲೆ ಆಸೆ ಹುಟ್ಟಿದೆ. ಅಲ್ಲಿ ಸ್ವಾನ್ ರುಟ್ಗರ್ಸ್ ಎಂಬ ಹೆಂಗಸಿನ ಗಂಡನನ್ನು ಸಭೆಯಿಂದ ಹೊರಗಿಟ್ಟಿದ್ದರು. ನೀನೂ ಅವನಿಂದ ದೂರವಿರು, ಇಲ್ಲದಿದ್ದರೆ ನಿನ್ನನ್ನೂ ಹೊರಗಿಡುತ್ತೇವೆ ಅಂತ ಲೇನಾರ್ಟ್ ಬೌವೆನ್ಸ್ ಎಂಬ ಹಿರಿಯರು ಪಟ್ಟು ಹಿಡಿದರು. ಆಕೆ ಗಂಡನನ್ನು ಬಿಡಲು ಒಪ್ಪಲಿಲ್ಲ. 1556ರಲ್ಲಿ ಮೆನ್ನೊ ಎಂಡೆನ್ ಸಭೆಗೆ ಪತ್ರ ಬರೆದು ಇದು ಬೇಡ ಅಂದರು. ಕೊನೆಗೆ ಕಟ್ಟುನಿಟ್ಟಿನವರ ಕಡೆಗೇ ವಾಲಿದರು. ಈ ಭಾಗವನ್ನು ಮೆತ್ತಗೆ ಮಾಡಿ ಬರೆಯಲು ನನಗೆ ಮನಸ್ಸಿಲ್ಲ. ‘ಸಹವಾಸ’ಕ್ಕೆ ಕನ್ನಡದಲ್ಲಿ ಒಡನಾಟವೂ ಅರ್ಥ, ಗಂಡಹೆಂಡಿರ ಸಂಗವೂ ಅರ್ಥ. ಊಟದ ಮೇಜು, ಹಾಸಿಗೆ, ಎರಡರ ಜಗಳವೂ ಒಂದೇ ಪದದಲ್ಲಿ ಕೂರುತ್ತದೆ. ಆದರೆ ‘ಅವನ ಸಹವಾಸ ಬಿಡು ಮಾರಾಯ’ ಅನ್ನುವ ಹಗುರ ದನಿ ಅಡ್ಡ ಬರುತ್ತದಾ ಅಂತ ಅನುಮಾನ.

ಸಣ್ಣಪುಟ್ಟದ್ದು ಎರಡು. ‘ಸೈಮನ್ಸ್’ ಮನೆತನದ ಹೆಸರಲ್ಲ, ಸೀಮೋನನ ಮಗ ಅಂತ ಅಷ್ಟೇ. ‘ಸೈಮನ್ಸ್ ಹೇಳಿದರು’ ಅಂದರೆ ಅಪ್ಪನನ್ನು ಕರೆದಂತೆ, ಹಾಗಾಗಿ ಉದ್ದಕ್ಕೂ ‘ಮೆನ್ನೊ’ ಅಂತಲೇ ಬರೆದಿದ್ದೇನೆ. ಇನ್ನೊಂದು, ಮೆನ್ನೊಗೆ ‘ಅವರು’, ಲೈಡನ್ನಿನ ಯಾನನಿಗೆ ‘ಅವನು’ ಅಂತ ತಾನಾಗಿಯೇ ಬರುತ್ತಿದೆ. ಪಕ್ಷ ಹಿಡಿದಂತೆ ಕಾಣುತ್ತದೆಯೇ?

ರಾಯಚೂರು ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಗಡಿಯಾಚೆ ಗದ್ವಾಲ್, ಮೆಹಬೂಬ್‌ನಗರದಲ್ಲಿ ಮೆನ್ನೊನೈಟ್ ಬ್ರೆದರನ್ ಸಭೆಗಳಿವೆ. ತೆಲುಗಿನಲ್ಲಿ ಅವರು ‘ಬಾಪ್ತಿಸ್ಮಮು’ ಅಂತ ಗ್ರೀಕ್ ಪದವನ್ನೇ ಉಳಿಸಿಕೊಂಡಿದ್ದಾರೆ. ಸಭೆಯಿಂದ ಹೊರಗಿಡುವುದಕ್ಕೆ, ಆಮೇಲೆ ಮಾತುಕತೆ ಬಿಡುವುದಕ್ಕೆ ಅಲ್ಲಿ ಏನನ್ನುತ್ತಾರೆ? ಗಡಿಯ ಈಚೆ ಕನ್ನಡದಲ್ಲಿ ಕೇಳಿದ ಪದವಿದ್ದರೆ ಅದೇ ಆಗಲಿ, ನಾನು ಕಟ್ಟಿದ್ದನ್ನು ಖುಷಿಯಿಂದ ಬಿಡುತ್ತೇನೆ.