ಕಟ್ಟಿಗೆ ಬೂದಿ ಹಾಕಿದ ಮಣ್ಣಿನ ಬ್ಲಾಕ್: ಸಿಮೆಂಟು ಎಷ್ಟು ಇಳಿಸಬಹುದು?

ಪ್ರಶ್ನೆ (ಸಾಗರ): ಮನೆಗೆ 230×190×100 ಮಿ.ಮೀ. ಅಳತೆಯ ಮಣ್ಣಿನ ಬ್ಲಾಕ್ ಒತ್ತಿಸುತ್ತಿದ್ದೇವೆ, ಸಿಮೆಂಟು 7%. ಅಡಿಕೆ ಬೇಯಿಸುವ ಒಲೆಗೆ ಸಾಮಿಲ್ಲಿನ ಚೂರುಕಟ್ಟಿಗೆ ಉರಿಸಿದ ಬೂದಿ ರಾಶಿ ಬಿದ್ದಿದೆ. ಸಿಮೆಂಟಿನ ಬದಲು ಎಷ್ಟು ಹಾಕಬಹುದು?

ತೀರ್ಥಹಳ್ಳಿಯಿಂದ: ಸಿಮೆಂಟಿನ ತೂಕದಲ್ಲಿ 10%ರಿಂದ ಶುರು ಮಾಡಿ, 20% ದಾಟಬೇಡಿ. 100 ಕೆ.ಜಿ. ಒಣ ಮಣ್ಣು-ಮರಳಿಗೆ 5.6 ಕೆ.ಜಿ. ಸಿಮೆಂಟು, 1.4 ಕೆ.ಜಿ. ಬೂದಿ ಎಂದರೆ 20% ಆಯಿತು. ಅದರಲ್ಲಿ ಸುಮಾರು 13 ಬ್ಲಾಕ್ ಬರುತ್ತವೆ. ಬೂದಿ ಹಗುರ, ಬಾಂಡ್ಲಿಯಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ತೂಗಿಯೇ ಹಾಕಿ.

ಕಟ್ಟಿಗೆ ಬೂದಿಯನ್ನು ಹಾರುಬೂದಿಯ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ನುಣ್ಣನೆ ಬೂದಿ) ಹಾಗೆ ನೋಡಬೇಡಿ. ಇದರಲ್ಲಿ ಸಿಲಿಕ ಕಡಿಮೆ, ಸುಣ್ಣ ಮತ್ತು ಪೊಟ್ಯಾಷ್ ಹೆಚ್ಚು. ಸತ್ವ ಕಡಿಮೆ ಇರುವ ಸುಣ್ಣ ಅಂತಲೇ ಇಟ್ಟುಕೊಳ್ಳಿ. ಸುಣ್ಣಕ್ಕೆ ಕೂಡಿಕೊಳ್ಳಲು ಜೇಡಿ ಬೇಕು, ಹಾಗಾಗಿ ತೀರಾ ಮರಳು ಮಣ್ಣಿನಲ್ಲಿ ಬೂದಿ ಬರೀ ಭರ್ತಿ.

ಹಾಸನದಿಂದ: ಯಾವ ಬೂದಿ ಅನ್ನುವುದೇ ಮುಖ್ಯ ಸರ್. ಮಳೆಗೆ ನೆನೆದ ಹಳೇ ರಾಶಿ ಬಿಡಿ, ಅದರ ಸುಣ್ಣ ಗಾಳಿಗೆ ಆಗಲೇ ಸತ್ತಿರುತ್ತದೆ. ಬಣ್ಣ ಬಳಿದ ಮರ, ಪ್ಲೈವುಡ್ ಸುಟ್ಟದ್ದೂ ಬೇಡ. ತಿಳಿ ಬೂದುಬಣ್ಣದ್ದನ್ನು ಮಾತ್ರ ಆರಿಸಿ. ಕಪ್ಪಗಿದ್ದರೆ ಇದ್ದಲು ಉಳಿದಿದೆ, ನೀರು ಕುಡಿಯುತ್ತದೆ, ಬಲ ಕೊಡುವುದಿಲ್ಲ. 300 ಮೈಕ್ರಾನ್ (0.3 ಮಿ.ಮೀ. ಕಣ್ಣಿನ) ಜರಡಿ ಹಿಡಿದು ಒಂದು ದಿನ ನೀರಲ್ಲಿ ನೆನೆಸಿ, ತೇಲುವ ಕರಿ ತೆಗೆದು ಮೇಲಿನ ನೀರು ಬಸಿಯಿರಿ. ಪೊಟ್ಯಾಷ್ ಬಹುಪಾಲು ಹೋಗುತ್ತದೆ, ಇಲ್ಲದಿದ್ದರೆ ಗೋಡೆ ಮೇಲೆ ಬಿಳಿ ಉಪ್ಪು ಮೂಡುತ್ತದೆ. ಸುಣ್ಣದ ಹರಳೂ ಅಲ್ಲೇ ಅರಳುತ್ತದೆ. ಅರಳದೆ ಉಳಿದರೆ ಆಮೇಲೆ ಬ್ಲಾಕಿನ ಮುಖ ಉಬ್ಬಿ ಸಿಡಿಯುತ್ತದೆ. ಒಣಗಿಸಿ, ಪುಡಿ ಮಾಡಿ, ಬೇಗ ಬಳಸಿ. ಕೈಗವಸು, ಕನ್ನಡಕ ಬಿಡಬೇಡಿ. ಬಸಿದ ನೀರು ಬಲು ಕ್ಷಾರ, ಗಿಡದ ಬುಡಕ್ಕೆ ಸುರಿಯಬೇಡಿ.

ತುಮಕೂರಿನಿಂದ: ಬೂದಿ, ಸಿಮೆಂಟು ಮೊದಲು ಒಣದರಲ್ಲೇ ಕಲಸಿ, ಆಮೇಲೆ ಮಣ್ಣಿಗೆ. ನೀರು ಸ್ವಲ್ಪ ಹೆಚ್ಚೇ ಹಿಡಿಯುತ್ತದೆ. ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ: ನಾಲ್ಕೈದು ಚೂರಾದರೆ ಹದ, ಪುಡಿಯಾದರೆ ನೀರು ಸಾಲದು, ಒಡೆಯದಿದ್ದರೆ ಹೆಚ್ಚಾಯಿತು. ನೀರು ಬಿದ್ದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಯಬೇಕು. ಮರ್ದಿನಿಯಂಥ ಕೈಯಂತ್ರವಾದರೆ ಸಣ್ಣ ಸಣ್ಣ ಪಾಕವನ್ನೇ ಕಲಸಿ. ಬೂದಿ ಬ್ಲಾಕಿಗೆ ಬಲ ನಿಧಾನವಾಗಿ ಬರುವುದರಿಂದ ಕ್ಯೂರಿಂಗ್ (ಒದ್ದೆಯಾಗಿಡುವುದು) 28 ದಿನ, ಗೋಣಿ ಹೊದಿಸಿ.

ಮತ್ತೆ ತೀರ್ಥಹಳ್ಳಿಯಿಂದ: ಬೂದಿ ಇಲ್ಲದ್ದು, 10%, 20% ಮೂರೂ ಬಗೆ ಒತ್ತಿ, 28 ದಿನದ ಮೇಲೆ ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ಹತ್ತಿರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಲ ನೋಡಿಸಿ. ಒಣಗಿದ ಬ್ಲಾಕ್ ಯಾವುದಾದರೂ ಗಟ್ಟಿಯೇ ಕಾಣುತ್ತದೆ, ನೆನೆದಾಗಿನ ಬಲವೇ ಲೆಕ್ಕಕ್ಕೆ ಬರುವುದು. ಉಳಿತಾಯವನ್ನೂ ನೋಡಿ: 1000 ಬ್ಲಾಕಿಗೆ ಸುಮಾರು 11 ಚೀಲ ಸಿಮೆಂಟು ಹಿಡಿದರೆ 20% ಬೂದಿಯಿಂದ ಉಳಿಯುವುದು ಸುಮಾರು 2 ಚೀಲ. ಪಾಯ, ಬಚ್ಚಲು, ಮಳೆ ಬಡಿಯುವ ಗೋಡೆಗೆ ಬೂದಿ ಇಲ್ಲದ ಬ್ಲಾಕೇ ಇರಲಿ.