ಮಾಡ್‌ಬಸ್ ಉತ್ತರ ಓದಿದ ಕೂಡಲೇ ಹಾರ್ಡ್‌ಫಾಲ್ಟ್: ಎಂ3ನಲ್ಲಿ ಓಡಿದ ಕೋಡ್ ಎಂ0+ನಲ್ಲಿ ಯಾಕೆ ಬೀಳುತ್ತೆ?

ಪ್ರಶ್ನೆ (ತೀರ್ಥಹಳ್ಳಿ): ನಮಸ್ಕಾರ. ಅಡಿಕೆ ತೋಟದಲ್ಲಿ ಇಡುವ ಮಳೆಮಾಪಕದ ನೋಡ್ ಇದು. ಮಾಪಕ ಆರ್‌ಎಸ್-485 (ಸೀರಿಯಲ್ ತಂತಿ) ಮೇಲೆ ಮಾಡ್‌ಬಸ್ ಆರ್‌ಟಿಯು (ಉಪಕರಣಗಳು ಮಾತಾಡುವ ಪ್ರೋಟೊಕಾಲ್) ಮಾತಾಡುತ್ತೆ, ಬಕೆಟ್ ಎಷ್ಟು ಸಲ ಮಗುಚಿತು ಅನ್ನೋದನ್ನ 32 ಬಿಟ್ ಸಂಖ್ಯೆಯಾಗಿ ಕೊಡುತ್ತೆ. ಕಾರ್ಟೆಕ್ಸ್-ಎಂ3 ಬೋರ್ಡ್‌ನಲ್ಲಿ ಕೋಡ್ ಸರಿಯಾಗಿತ್ತು. ಮಳೆಗಾಲದ ಮೋಡದಲ್ಲಿ ಸೋಲಾರ್ ಸಾಲಲ್ಲ ಅಂತ ಕಡಿಮೆ ಕರೆಂಟ್ ಎಳೆಯುವ ಎಂ0+ ಚಿಪ್ ಹಾಕಿದೆವು. ಈಗ ಮೊದಲ ಉತ್ತರ ಬಂದ ಕೂಡಲೇ ಹಾರ್ಡ್‌ಫಾಲ್ಟ್ (ಪ್ರೊಸೆಸರ್ ಮುಂದೆ ಹೋಗಲಾಗದ ದೋಷ), ಆಮೇಲೆ ವಾಚ್‌ಡಾಗ್ (ಕೋಡ್ ನಿಂತುಹೋದರೆ ಚಿಪ್ಪನ್ನ ಮತ್ತೆ ಶುರು ಮಾಡುವ ಟೈಮರ್) ರೀಸೆಟ್. ಬಫರಿನ 3ನೇ ಬೈಟಿನ (ಸೊನ್ನೆಯಿಂದ ಎಣಿಸಿ) ವಿಳಾಸವನ್ನ 32 ಬಿಟ್ ಪಾಯಿಂಟರ್‌ಗೆ ಕಾಸ್ಟ್ ಮಾಡಿ (ಅಲ್ಲಿರೋದು 32 ಬಿಟ್ ಸಂಖ್ಯೆ ಅಂತ ಕಂಪೈಲರ್‌ಗೆ ಹೇಳಿ) ಓದ್ತೇವೆ. ಬೋರ್ಡ್ ಕೆಟ್ಟಿದೆಯಾ?

ಉತ್ತರ: ಬೋರ್ಡ್ ಚೆನ್ನಾಗಿದೆ. ತಪ್ಪು ಆ ಕಾಸ್ಟ್‌ನಲ್ಲಿದೆ. ಎಂ3ನಲ್ಲೂ ಅದು ತಪ್ಪೇ, ಆ ಚಿಪ್ ಸಹಿಸಿಕೊಳ್ತಿತ್ತು ಅಷ್ಟೆ.

ಮಾಡ್‌ಬಸ್ ಉತ್ತರದಲ್ಲಿ ವಿಳಾಸ 1 ಬೈಟ್, ಫಂಕ್ಷನ್ 1, ಬೈಟ್ ಎಣಿಕೆ 1. ಹಾಗಾಗಿ ಡೇಟಾ ಶುರುವಾಗೋದೇ 3ರಿಂದ. ಮೆಮೊರಿಯನ್ನ ನಾಲ್ಕು ನಾಲ್ಕು ಬೈಟಿನ ಅಂಕಣಗಳು ಅಂದುಕೊಳ್ಳಿ. 32 ಬಿಟ್ ಓದು 4ರಿಂದ ಭಾಗವಾಗುವ ವಿಳಾಸದಲ್ಲಿ, 16 ಬಿಟ್ ಓದು 2ರಿಂದ ಭಾಗವಾಗುವ ವಿಳಾಸದಲ್ಲಿ ಶುರುವಾಗಬೇಕು. ನಿಮ್ಮ ಸಂಖ್ಯೆ ಎರಡು ಅಂಕಣದ ಮೇಲೆ ಕಾಲಿಟ್ಟು ನಿಂತಿದೆ. ಎಂ3, ಎಂ4ರಲ್ಲಿ ಎಲ್‌ಡಿಆರ್ (ಮೆಮೊರಿಯಿಂದ 32 ಬಿಟ್ ಓದುವ ಸೂಚನೆ) ಬಂದಾಗ ಹಾರ್ಡ್‌ವೇರೇ ತುಂಡು ಮಾಡಿ ಓದಿ ಜೋಡಿಸಿಕೊಡುತ್ತೆ. ಎಂ0, ಎಂ0+ನಲ್ಲಿ ಆ ಸೌಲಭ್ಯವೇ ಇಲ್ಲ, ನೇರ ಹಾರ್ಡ್‌ಫಾಲ್ಟ್.

ರಿಪೇರಿಗೆ ಮೊದಲು ಖಾತ್ರಿ ಮಾಡಿಕೊಳ್ಳಿ. ಫಾಲ್ಟ್ ಹ್ಯಾಂಡ್ಲರ್ (ಫಾಲ್ಟ್ ಆದಾಗ ಓಡುವ ಫಂಕ್ಷನ್) ಒಳಗೆ ಬಂದಾಗ ಎಲ್‌ಆರ್ ರಿಜಿಸ್ಟರಿನ 2ನೇ ಬಿಟ್ (ಸೊನ್ನೆಯಿಂದ ಎಣಿಸಿ) 0 ಇದ್ದರೆ ಎಂಎಸ್‌ಪಿ (ಮುಖ್ಯ ಸ್ಟ್ಯಾಕ್ ಪಾಯಿಂಟರ್), 1 ಇದ್ದರೆ ಪಿಎಸ್‌ಪಿ (ಪ್ರೋಸೆಸ್ ಸ್ಟ್ಯಾಕ್ ಪಾಯಿಂಟರ್) ಬಳಕೆಯಲ್ಲಿತ್ತು ಅಂತ ಅರ್ಥ. ಆ ಸ್ಟ್ಯಾಕ್ ವಿಳಾಸಕ್ಕೆ 24 ಕೂಡಿಸಿದರೆ, ಅಲ್ಲಿ ಬಿದ್ದ ಜಾಗದ ಪಿಸಿ (ಓಡುತ್ತಿದ್ದ ಸೂಚನೆಯ ವಿಳಾಸ) ಸಿಗುತ್ತೆ. ಹ್ಯಾಂಡ್ಲರನ್ನ ನೇಕೆಡ್ ಫಂಕ್ಷನ್ ಮಾಡಿ, ಇಲ್ಲದಿದ್ದರೆ ಕಂಪೈಲರ್ ತಾನೇ ಒಂದಿಷ್ಟು ಪುಶ್ ಮಾಡಿ ಲೆಕ್ಕ ತಪ್ಪಿಸುತ್ತೆ. ಪಿಸಿಯನ್ನ ಆಬ್ಜ್‌ಡಂಪ್ ಕೊಡುವ ಅಸೆಂಬ್ಲಿ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ಎಲ್‌ಡಿಆರ್ ಇದ್ದು, ಅದು ಓದಹೊರಟ ವಿಳಾಸ 4ರಿಂದ ಭಾಗವಾಗದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಕಾರಣ ಬರೆದಿಡುವ ಫಾಲ್ಟ್ ಸ್ಟೇಟಸ್ ರಿಜಿಸ್ಟರ್ ಎಂ0+ನಲ್ಲಿ ಇಲ್ಲ, ಹಾಗಾಗಿ ಈ ದಾರಿಯೇ ಗತಿ.

ಸಾಮಾನ್ಯವಾಗಿ ಪರಿಹಾರ ಮೆಮ್‌ಕಾಪಿ: ಲೋಕಲ್ ವೇರಿಯಬಲ್‌ಗೆ 4 ಬೈಟ್ ನಕಲು ಮಾಡಿ. ಆದರೆ ಮಾಡ್‌ಬಸ್‌ಗೆ ಬೈಟ್‌ಗಳನ್ನ ಶಿಫ್ಟ್ ಮಾಡಿ ಜೋಡಿಸೋದೇ ಒಳ್ಳೇದು. ಅದರ 16 ಬಿಟ್ ರಿಜಿಸ್ಟರ್‌ನಲ್ಲಿ ದೊಡ್ಡ ಬೈಟ್ ಮೊದಲು ಬರುತ್ತೆ, ನಿಮ್ಮ ಚಿಪ್ ಲಿಟಲ್ ಎಂಡಿಯನ್ (ಸಣ್ಣ ಬೈಟ್ ಮೊದಲು). ಬೈಟ್ 3ನ್ನು 24, 4ನ್ನು 16, 5ನ್ನು 8 ಎಡಕ್ಕೆ ಸರಿಸಿ, 6ನ್ನು ಹಾಗೇ ಸೇರಿಸಿ. ಸರಿಸುವ ಮೊದಲು ಪ್ರತಿ ಬೈಟನ್ನೂ ಅನ್‌ಸೈನ್ಡ್ 32 ಬಿಟ್ ಮಾಡಿಕೊಳ್ಳಿ. ಇಲ್ಲದಿದ್ದರೆ 24ರ ಶಿಫ್ಟ್ ಸೈನ್ ಬಿಟ್‌ಗೆ ನುಗ್ಗುತ್ತೆ.

ಬಫರಿನ ಮುಂದೆ ಒಂದು ಖಾಲಿ ಬೈಟ್ ಸೇರಿಸಿ ಡೇಟಾವನ್ನ 4ಕ್ಕೆ ತರುವ ಉಪಾಯ ಬೇಡ. ನಾಳೆ ಮೊದಲು ಒಂದು 16 ಬಿಟ್ ಮೌಲ್ಯ ಓದಬೇಕಾದರೆ ಅದರ ಹಿಂದಿನ 32 ಬಿಟ್ ಮತ್ತೆ ದಾರಿ ತಪ್ಪುತ್ತೆ.

ಪ್ರಶ್ನೆ (ಸಾಗರ): ಪ್ಯಾಕ್ಡ್ ಸ್ಟ್ರಕ್ಟ್ (ಸದಸ್ಯಗಳ ನಡುವೆ ಖಾಲಿ ಜಾಗ ಬಿಡದ ಸ್ಟ್ರಕ್ಟ್) ಹಾಕಿದ್ರೆ ಸಾಕಲ್ವಾ ಸರ್?

ಉತ್ತರ: ಸ್ಟ್ರಕ್ಟ್‌ನ ಹೆಸರಿಂದಲೇ ಸದಸ್ಯವನ್ನ ಓದುವ ತನಕ ಸರಿ, ಎಂ0+ಗೆ ಕಂಪೈಲರ್ ಬೈಟ್ ಬೈಟಾಗಿ ಓದುತ್ತೆ. ಆ ಸದಸ್ಯದ ವಿಳಾಸ ತೆಗೆದು ಬೇರೆ ಫಂಕ್ಷನ್‌ಗೆ ಕೊಟ್ಟಿರೋ, ಪ್ಯಾಕ್ಡ್ ಅನ್ನೋ ಮಾಹಿತಿ ಅಲ್ಲೇ ಕಳೆದುಹೋಗುತ್ತೆ, ಫಾಲ್ಟ್ ವಾಪಸ್ ಬರುತ್ತೆ. ಜಿಸಿಸಿ 9ರಿಂದ ಇದಕ್ಕೆ ಎಚ್ಚರಿಕೆ ಬರುತ್ತೆ, ಅದನ್ನ ಆಫ್ ಮಾಡಬೇಡಿ. ಬೈಟ್ ಕ್ರಮವನ್ನಂತೂ ಪ್ಯಾಕ್ಡ್ ಸರಿ ಮಾಡೋದಿಲ್ಲ.

ಪ್ರಶ್ನೆ (ಭದ್ರಾವತಿ): ನಮ್ಮದು ಎಂ4, ಎಫ್‌ಪಿಯು (ಫ್ಲೋಟ್ ಲೆಕ್ಕದ ಘಟಕ) ಇದೆ. ಡೀಬಗ್ ಬಿಲ್ಡ್ ಓಡುತ್ತೆ, ಓ2 (ಕಂಪೈಲರಿನ ಆಪ್ಟಿಮೈಸೇಶನ್) ಹಾಕಿದ್ರೆ ಬೀಳುತ್ತೆ. ಎಂ4 ಸಹಿಸಿಕೊಳ್ಳುತ್ತೆ ಅಂದ್ರಲ್ಲ?

ಉತ್ತರ: ಎಲ್ಲ ಸೂಚನೆಗಳನ್ನೂ ಅಲ್ಲ. ಎಲ್‌ಡಿಆರ್, 16 ಬಿಟ್ ಓದುವ ಎಲ್‌ಡಿಆರ್‌ಎಚ್ ನಡೆಯುತ್ತೆ. ಎರಡು 32 ಬಿಟ್ ಒಟ್ಟಿಗೆ ಓದುವ ಎಲ್‌ಡಿಆರ್‌ಡಿ, ಹಲವನ್ನ ಓದುವ ಎಲ್‌ಡಿಎಂ, ಫ್ಲೋಟ್ ಓದುವ ವಿಎಲ್‌ಡಿಆರ್ ನಡೆಯೋದಿಲ್ಲ. ಓ2ನಲ್ಲಿ ಕಂಪೈಲರ್ ಅಕ್ಕಪಕ್ಕದ ಎರಡು ಓದನ್ನ ಒಂದು ಎಲ್‌ಡಿಆರ್‌ಡಿ ಮಾಡಬಹುದು. ನೀವು ಕಾಸ್ಟ್ ಮಾಡಿದ್ದೀರಿ ಅಂದ ಮೇಲೆ ವಿಳಾಸ ಸರಿಯಿದೆ ಅಂತಲೇ ಅದು ನಂಬುತ್ತೆ. ಫಾಲ್ಟ್‌ನ ಕಾರಣ ಬರೆದಿಡುವ ಸಿಎಫ್‌ಎಸ್‌ಆರ್ ರಿಜಿಸ್ಟರಿನ 24ನೇ ಬಿಟ್ ನೋಡಿ, 1 ಇದ್ದರೆ ಇದೇ ಕಾರಣ. ಯೂಸೇಜ್‌ಫಾಲ್ಟ್ (ಇಂಥ ತಪ್ಪಿಗೆ ಇರುವ ಬೇರೆ ಫಾಲ್ಟ್) ಆನ್ ಮಾಡಿರದಿದ್ದರೆ ಅದು ಹಾರ್ಡ್‌ಫಾಲ್ಟ್ ಆಗಿ ಬರುತ್ತೆ, ಹಾರ್ಡ್‌ಫಾಲ್ಟ್ ಸ್ಟೇಟಸ್ ರಿಜಿಸ್ಟರ್ ಎಚ್‌ಎಫ್‌ಎಸ್‌ಆರ್‌ನ 30ನೇ ಬಿಟ್ 1 ಆಗಿರುತ್ತೆ.

ಕಂಪೈಲರಿಗೆ ನೋ-ಅನ್‌ಅಲೈನ್ಡ್-ಆಕ್ಸೆಸ್ ಫ್ಲ್ಯಾಗ್ ಹಾಕಿದರೆ ಈ ಫಾಲ್ಟ್ ಹೋಗುತ್ತೆ ಅಂತ ಬಹಳ ಜನ ಅಂದುಕೊಳ್ತಾರೆ. ಹೋಗಲ್ಲ. ಕಂಪೈಲರ್ ತಾನು ತಿಳಿದೂ ವಾರೆ ಓದು (ಸರಿಯಾಗಿ ಭಾಗವಾಗದ ವಿಳಾಸದಿಂದ ಓದು) ಮಾಡಬಾರದು ಅನ್ನೋದಷ್ಟೇ ಅದರ ಅರ್ಥ. ನಿಮ್ಮ ಕಾಸ್ಟ್ ಅದರ ಕಣ್ಣಿಗೆ ಬೀಳೋದೇ ಇಲ್ಲ. ಆ ಫ್ಲ್ಯಾಗ್ ಉಪಯೋಗಕ್ಕೆ ಬರೋದು ಪರೀಕ್ಷೆಯ ಬಿಲ್ಡ್‌ನಲ್ಲಿ: ಅದನ್ನ ಹಾಕಿ, ಜೊತೆಗೆ ಸಿಸಿಆರ್ ರಿಜಿಸ್ಟರಿನ 3ನೇ ಬಿಟ್ ಸೆಟ್ ಮಾಡಿ. ಆಗ ಸಾಮಾನ್ಯ ಎಲ್‌ಡಿಆರ್‌ನ ವಾರೆ ಓದೂ ಫಾಲ್ಟ್ ಆಗಿ, ಅಡಗಿ ಕೂತಿರುವ ಎಲ್ಲ ಕಾಸ್ಟ್‌ಗಳೂ ಒಂದೊಂದಾಗಿ ಹೊರಗೆ ಬರುತ್ತವೆ. ಲೈಬ್ರರಿಯ ಮೆಮ್‌ಕಾಪಿಯೇ ಕೆಲವೊಮ್ಮೆ ವಾರೆ ಓದುತ್ತೆ, ಅಲ್ಲಿ ನಿಂತರೆ ಗಾಬರಿ ಬೇಡ.

ಪ್ರಶ್ನೆ (ತೀರ್ಥಹಳ್ಳಿ): ಶಿಫ್ಟ್ ಹಾಕಿದೆವು, ಫಾಲ್ಟ್ ಹೋಯ್ತು, ಬಹಳ ಉಪಕಾರ. ಆದರೆ ಮಾಪಕದ ಡಿಸ್‌ಪ್ಲೇಯಲ್ಲಿ 265 ಇದ್ದಾಗ ನಮಗೆ 17367040 ಬರ್ತಿದೆ.

ಉತ್ತರ: 265ನ್ನು 65536ರಿಂದ ಗುಣಿಸಿ ನೋಡಿ, ಸರಿಯಾಗಿ ಅದೇ ಬರುತ್ತೆ. ನಿಮ್ಮ ಮಾಪಕ ಕೆಳಗಿನ 16 ಬಿಟ್ ಇರುವ ರಿಜಿಸ್ಟರನ್ನ ಮೊದಲು ಕಳಿಸ್ತಿದೆ. ಬೈಟ್ 5ನ್ನು 24, 6ನ್ನು 16, 3ನ್ನು 8 ಸರಿಸಿ, 4ನ್ನು ಹಾಗೇ ಸೇರಿಸಿ.