ಬಹರೈನಿನ ಪಾಲಿಟೆಕ್ನಿಕ್ ಪದವಿ: ಹುಡುಗನನ್ನು ಅಲ್ಲೇ ಓದಿಸುವುದೇ, ಮೈಸೂರಿಗೆ ಕರೆಸಿಕೊಳ್ಳುವುದೇ?

ಮಂಡ್ಯದ ದೊಡ್ಡಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮತ್ತು ಅವಳ ಯಜಮಾನರು 16 ವರ್ಷಗಳಿಂದ ಬಹರೈನಿನ ಮನಾಮದಲ್ಲಿ ನೆಲೆಸಿದ್ದಾರೆ. ಅವರ ಮಗ ಅಲ್ಲಿಯೇ ಸಿಬಿಎಸ್‌ಇ ಶಾಲೆಯಲ್ಲಿ 12ನೇ ತರಗತಿ ಓದುತ್ತಿದ್ದಾನೆ. ಯಂತ್ರಗಳೆಂದರೆ ಅವನಿಗೆ ಪ್ರಾಣ. ಕಳೆದ ಬೇಸಿಗೆ ರಜೆಯಲ್ಲಿ ಇಲ್ಲಿಗೆ ಬಂದಿದ್ದಾಗ, ಮೆಕ್ಯಾನಿಕ್ ಬರಲು ಎರಡು ದಿನವಾಗುತ್ತದೆ ಎಂದು ಗೊತ್ತಾದ ಮೇಲೆ, ನಮ್ಮ ಗದ್ದೆಯ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಬಿಚ್ಚಿ ತಾನೇ ಸರಿಮಾಡಿದ. ಈಗ ಈಸಾ ಟೌನಿನಲ್ಲಿರುವ ಬಹರೈನ್ ಪಾಲಿಟೆಕ್ನಿಕ್ ಸೇರಿ ಎಂಜಿನಿಯರಿಂಗ್ ಟೆಕ್ನಾಲಜಿ ಪದವಿ ಪಡೆಯಬೇಕೆಂದು ಹಟ ಹಿಡಿದಿದ್ದಾನೆ.

ನಮ್ಮ ತಂದೆಯವರಿಗೆ ಇದು ಸಮ್ಮತವಿಲ್ಲ. "ಎಸ್ಸೆಸ್ಸೆಲ್ಸಿ ಮುಗಿಸಿದವರು ಸೇರುವ ಪಾಲಿಟೆಕ್ನಿಕ್ಕಿಗೆ ಪಿಯುಸಿ ಮುಗಿಸಿದ ಹುಡುಗನನ್ನು ಸೇರಿಸುತ್ತೀರಾ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಪದವಿಗೆ ನಮ್ಮ ದೇಶದಲ್ಲಿ ಬೆಲೆ ಇದೆಯೇ, ಅದಿಲ್ಲದಿದ್ದರೆ ಮೈಸೂರಿನ ಯಾವುದಾದರೂ ಕಾಲೇಜಿನಲ್ಲಿ ಬಿ.ಇ. ಓದಿಸುವುದು ಒಳ್ಳೆಯದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ಮೇಷ್ಟ್ರು, ಮೈಸೂರು

ಅಮ್ಮಾ, ಮೈಸೂರಿನ ಪಾಲಿಟೆಕ್ನಿಕ್ ಒಂದರ ಮೆಕ್ಯಾನಿಕಲ್ ವಿಭಾಗದಲ್ಲಿ ದೀರ್ಘಕಾಲ ಪಾಠ ಮಾಡಿದವನಾಗಿ, ನಿಮ್ಮ ತಂದೆಯವರ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮಲ್ಲಿ ಪಾಲಿಟೆಕ್ನಿಕ್ ಎಂದರೆ ಎಸ್ಸೆಸ್ಸೆಲ್ಸಿ ನಂತರದ 3 ವರ್ಷಗಳ ಡಿಪ್ಲೊಮಾ. ಮುಂದೆ ಓದಬೇಕೆನ್ನುವವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಪಡೆಯುತ್ತಾರೆ. ಆದರೆ ಈ ಹೆಸರಿಗೆ ಎಲ್ಲ ದೇಶಗಳಲ್ಲೂ ಒಂದೇ ಅರ್ಥವಿಲ್ಲ. ಇಂಗ್ಲೆಂಡಿನಲ್ಲಿ 1992ರವರೆಗೆ ಪಾಲಿಟೆಕ್ನಿಕ್‌ಗಳಲ್ಲಿ ಪದವಿ ಮಟ್ಟದ ಶಿಕ್ಷಣವೇ ನಡೆಯುತ್ತಿತ್ತು. ಆಮೇಲೆ ಅವು ವಿಶ್ವವಿದ್ಯಾಲಯಗಳಾದವು. ಬಹರೈನಿನಲ್ಲೂ ಹಿಂದೆ ಗಲ್ಫ್ ಪಾಲಿಟೆಕ್ನಿಕ್ ಎಂಬ ಸಂಸ್ಥೆಯಿತ್ತು. 1986ರಲ್ಲಿ ಅದು ಇನ್ನೊಂದು ಕಾಲೇಜಿನೊಡನೆ ಸೇರಿ ಬಹರೈನ್ ವಿಶ್ವವಿದ್ಯಾಲಯವಾಯಿತು. ಕೈಕೆಲಸ ಬಲ್ಲ ಪದವೀಧರರು ಉದ್ಯಮಗಳಿಗೆ ಬೇಕೆಂಬ ಕಾರಣದಿಂದ ಆ ದೇಶದ ಸರ್ಕಾರ 2008ರಲ್ಲಿ ಈಗಿನ ಪಾಲಿಟೆಕ್ನಿಕ್ಕನ್ನು ಸ್ಥಾಪಿಸಿತು. ಅಲ್ಲಿ ಸಿಗುವುದು ಬ್ಯಾಚುಲರ್ ಪದವಿ, ಬೋಧನೆ ಇಂಗ್ಲಿಷಿನಲ್ಲಿ.

ಬೋಧನೆಯ ಕ್ರಮವೂ ನಮ್ಮದಕ್ಕಿಂತ ಬೇರೆ. ನಾವು ಮೊದಲು ಸಿದ್ಧಾಂತ ಹೇಳಿ, ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ, ಕೊನೆಗೆ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಅವರದು ಸಮಸ್ಯೆಯಿಂದ ಆರಂಭವಾಗುವ ಕಲಿಕೆ: ಒಂದು ಪಂಪು ವಿಪರೀತ ಅದುರುತ್ತಿದೆ ಎಂದಿಟ್ಟುಕೊಳ್ಳಿ; ಅದಕ್ಕೆ ಕಾರಣ ಹುಡುಕಲು ಏನೇನು ತಿಳಿದಿರಬೇಕು ಎಂಬುದನ್ನು ವಿದ್ಯಾರ್ಥಿಗಳ ಗುಂಪೇ ಗುರುತಿಸಿ, ಓದಿ, ಪರೀಕ್ಷಿಸಿ ನೋಡಬೇಕು. ಸ್ಟಾರ್ಟರ್ ಬಿಚ್ಚುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದೇ ನನ್ನ ಅನಿಸಿಕೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಎಂಜಿನಿಯರಿಂಗ್ ಮತ್ತು ಎಂಜಿನಿಯರಿಂಗ್ ಟೆಕ್ನಾಲಜಿ ಒಂದೇ ಅಲ್ಲ. ಒಂದು ದೇಶದ ಪದವಿಯನ್ನು ಇನ್ನೊಂದು ದೇಶ ಮಾನ್ಯಮಾಡಲು ಇರುವ ಅಂತರರಾಷ್ಟ್ರೀಯ ಒಪ್ಪಂದಗಳೇ ಇವನ್ನು ಬೇರ್ಪಡಿಸುತ್ತವೆ: ಎಂಜಿನಿಯರ್ ಪದವಿಗೆ ವಾಷಿಂಗ್ಟನ್ ಒಪ್ಪಂದ, ಟೆಕ್ನಾಲಜಿಸ್ಟ್ ಪದವಿಗೆ ಸಿಡ್ನಿ ಒಪ್ಪಂದ, ಡಿಪ್ಲೊಮಾ ಮಟ್ಟಕ್ಕೆ ಡಬ್ಲಿನ್ ಒಪ್ಪಂದ. ಭಾರತ 2014ರಲ್ಲಿ ಪೂರ್ಣ ಸದಸ್ಯತ್ವ ಪಡೆದದ್ದು ವಾಷಿಂಗ್ಟನ್ ಒಪ್ಪಂದದಲ್ಲಿ. ಟೆಕ್ನಾಲಜಿ ಪದವಿಯಲ್ಲಿ ಅನ್ವಯಕ್ಕೆ ಹೆಚ್ಚು ಒತ್ತು, ಉನ್ನತ ಗಣಿತಕ್ಕೆ ಕಡಿಮೆ. ಆದ್ದರಿಂದ ಹುಡುಗ ಮುಂದೆ ಭಾರತದಲ್ಲಿ ಎಂ.ಟೆಕ್. ಅಥವಾ ಸಾರ್ವಜನಿಕ ಉದ್ದಿಮೆಯ ಕೆಲಸ ಬಯಸುವುದಾದರೆ, ಈ ಪದವಿಯನ್ನು ಇಲ್ಲಿನ ಪದವಿಗೆ ಸಮಾನವೆಂದು ಒಪ್ಪುತ್ತಾರೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಿಕೊಳ್ಳಬೇಕು. ವಿದೇಶಿ ಪದವಿಗಳ ಸಮಾನತೆಗಾಗಿ ಯುಜಿಸಿ 2025ರಲ್ಲಿ ಹೊಸ ನಿಯಮಾವಳಿ ತಂದಿದೆ. ಸಂಸ್ಥೆಗೆ ಅದರ ದೇಶದಲ್ಲಿ ಮಾನ್ಯತೆ ಇದೆಯೇ, ಪ್ರವೇಶಕ್ಕೆ ಬೇಕಾದ ಅರ್ಹತೆ ನಮ್ಮಲ್ಲಿನಂತೆಯೇ ಇದೆಯೇ ಎಂಬುದನ್ನು ಅದರಲ್ಲಿ ನೋಡುತ್ತಾರೆ.

ಸಿತ್ರಾದಿಂದ ಮರಳಿದವನು, ಶ್ರೀರಂಗಪಟ್ಟಣ

ನಾನು 11 ವರ್ಷ ಬಹರೈನಿನಲ್ಲಿ ಯಂತ್ರಗಳ ನಿರ್ವಹಣೆಯ ಕೆಲಸ ಮಾಡಿ ಊರಿಗೆ ಮರಳಿದ್ದೇನೆ. ಮೇಷ್ಟ್ರು ಓದಿನ ವಿಷಯ ಹೇಳಿದ್ದಾರೆ. ನಾನು ಬದುಕಿನ ವಿಷಯ ಹೇಳುತ್ತೇನೆ. ಗಲ್ಫಿನ ಅರಬ್ ತೀರದಲ್ಲಿ ಮೊದಲು ಎಣ್ಣೆ ಸಿಕ್ಕಿದ್ದು ಬಹರೈನಿನಲ್ಲೇ, 1932ರಲ್ಲಿ. 1971ರಲ್ಲಿ ಉತ್ಪಾದನೆ ಆರಂಭಿಸಿದ ಆಲ್ಬಾ ಅಲ್ಯೂಮಿನಿಯಂ ಕಾರ್ಖಾನೆ ಇಂದು ಜಗತ್ತಿನ ಅತಿ ದೊಡ್ಡ ಕಾರ್ಖಾನೆಗಳಲ್ಲಿ ಒಂದು. ಕೆಲಸಗಳು ಇವೆ. ಆದರೆ ಆ ಪಾಲಿಟೆಕ್ನಿಕ್ ಹುಟ್ಟಿದ್ದೇ ಬಹರೈನಿನ ಯುವಕರನ್ನು ಆ ಕೆಲಸಗಳಿಗೆ ಸಿದ್ಧಪಡಿಸಲು, ನೇಮಕಾತಿಯಲ್ಲೂ ಅವರಿಗೇ ಆದ್ಯತೆ. ಅದು ನ್ಯಾಯವೇ, ನಮ್ಮ ರಾಜ್ಯದಲ್ಲೂ ಸ್ಥಳೀಯರಿಗೆ ಕೆಲಸ ಸಿಗಲಿ ಎಂದು ನಾವು ಕೇಳುವುದಿಲ್ಲವೇ? ವಿದೇಶಿಯರಿಗೆ ಆ ವರ್ಷ ಸೀಟು ಇದೆಯೇ, ಶುಲ್ಕ ಎಷ್ಟು ದಿನಾರ್ ಎಂಬುದನ್ನು ಅಲ್ಲಿನ ಪ್ರವೇಶ ವಿಭಾಗದಿಂದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಲಿ.

ಇನ್ನೊಂದು ಮಾತು. ಹುಡುಗ ಈಗ ಅಲ್ಲಿರುವುದು ತಂದೆಯ ವೀಸಾದ ಆಧಾರದ ಮೇಲೆ. ನಿಮ್ಮ ತಂಗಿಯ ಯಜಮಾನರ ಕೆಲಸ ನಡುವೆ ನಿಂತರೆ ಇಡೀ ಕುಟುಂಬದ ವಾಸದ ಪರವಾನಗಿಯೇ ಪ್ರಶ್ನೆಯಾಗುತ್ತದೆ. ನನಗೆ ಗೊತ್ತಿದ್ದ ಒಂದು ಕುಟುಂಬ ಹಾಗೆಯೇ ಮಗಳ ಓದಿನ ಎರಡನೆಯ ವರ್ಷದಲ್ಲಿ ಊರಿಗೆ ಮರಳಬೇಕಾಯಿತು. ಆ ಮಗು ಇಲ್ಲಿ ಮತ್ತೆ ಮೊದಲ ವರ್ಷದಿಂದ ಆರಂಭಿಸಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ದಾಖಲೆಗಳ ವಿಷಯದಲ್ಲಿ ಹೆಚ್ಚಿನ ಕಷ್ಟವಿಲ್ಲ. ಭಾರತ, ಬಹರೈನ್ ಎರಡೂ ಅಪೋಸ್ಟಿಲ್ (ದಾಖಲೆ ಅಸಲಿ ಎಂದು ಬೇರೆ ದೇಶಗಳೂ ಒಪ್ಪುವ ಮುದ್ರೆ) ಒಪ್ಪಂದದಲ್ಲಿವೆ; ಆದ್ದರಿಂದ ಅಲ್ಲಿನ ಪದವಿಪತ್ರಕ್ಕೆ ಅಲ್ಲೇ ಅಪೋಸ್ಟಿಲ್ ಮಾಡಿಸಿಕೊಂಡರೆ ರಾಯಭಾರ ಕಚೇರಿಯ ಮತ್ತೊಂದು ಮುದ್ರೆಗಾಗಿ ಅಲೆಯಬೇಕಿಲ್ಲ.

ಕುವೆಂಪುನಗರದ ತಾಯಿ

ಅಕ್ಕಾ, ಗಲ್ಫಿನಲ್ಲೇ ಓದಿದ ಮಕ್ಕಳಿಗೆ ನಮ್ಮ ಸಿಇಟಿ ದಾರಿ ಸುಲಭವಲ್ಲ. ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕೆಂಬ ಸಾಮಾನ್ಯ ಷರತ್ತು ಅವರಿಗೆ ಅಡ್ಡ ಬರುತ್ತದೆ. ಆದರೆ ಎನ್‌ಐಟಿಗಳಲ್ಲಿ ವಿದೇಶದಲ್ಲಿ ಓದಿದವರ ಪ್ರವೇಶಕ್ಕಾಗಿ ಇರುವ ಡಾಸಾ ಯೋಜನೆಯಡಿ, ಗಲ್ಫ್ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆಂದೇ ಪ್ರತ್ಯೇಕ ಸೀಟುಗಳಿವೆ. ಅವರ ಬೋಧನಾ ಶುಲ್ಕ ಇಲ್ಲಿನ ವಿದ್ಯಾರ್ಥಿಗಳ ಮಟ್ಟದಲ್ಲೇ ಇರುತ್ತದೆ. ಜೆಇಇ ಮೇನ್ ರ‍್ಯಾಂಕ್ ಬೇಕು. ಸುರತ್ಕಲ್ ಎನ್‌ಐಟಿಯೂ ಇದರಲ್ಲಿದೆ.

ಮಂಡ್ಯದ ದೊಡ್ಡಮ್ಮ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ಉತ್ತರವನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಎರಡು ಸಲ ಓದಿಸಿಕೊಂಡು, "ಹೆಸರು ನೋಡಿ ಮಾತಾಡಿಬಿಟ್ಟೆ" ಎಂದರು. ಡಾಸಾ ವಿಷಯ ತಂಗಿಗೂ ತಿಳಿದಿರಲಿಲ್ಲ. ಹುಡುಗ ಜೆಇಇ ಬರೆಯಲು ಒಪ್ಪಿದ್ದಾನೆ, ಆದರೆ ತನ್ನ ಮೊದಲ ಆಯ್ಕೆ ಪಾಲಿಟೆಕ್ನಿಕ್ಕೇ ಎನ್ನುತ್ತಾನೆ. ಮೇಷ್ಟ್ರೇ, ಗಣಿತ ಕಡಿಮೆ ಎಂದಿರಲ್ಲ, ಅದನ್ನು ನಾವು ಅಳೆಯುವುದು ಹೇಗೆ?

ನಿವೃತ್ತ ಮೇಷ್ಟ್ರು, ಮೈಸೂರು

ನಾಲ್ಕು ವರ್ಷಗಳ ಪಠ್ಯಕ್ರಮವನ್ನು ತರಿಸಿ, ಮೈಸೂರಿನ ಯಾವುದೇ ಬಿ.ಇ. ಮೆಕ್ಯಾನಿಕಲ್ ಪಠ್ಯಕ್ರಮದ ಪಕ್ಕದಲ್ಲಿಟ್ಟು, ಗಣಿತದ ಪತ್ರಿಕೆಗಳೆಷ್ಟು, ಥರ್ಮೋಡೈನಮಿಕ್ಸ್ ಮತ್ತು ದ್ರವಯಂತ್ರಶಾಸ್ತ್ರ ಎಲ್ಲಿಯವರೆಗೆ ಹೋಗುತ್ತವೆ ಎಂದು ನೋಡಬೇಕು. ಕೊನೆಯ ವರ್ಷ ಉದ್ಯಮದೊಡನೆ ಮಾಡುವ ಪ್ರಾಜೆಕ್ಟಿಗೆ ಎಷ್ಟು ಕ್ರೆಡಿಟ್ ಎಂಬುದನ್ನೂ ಗಮನಿಸಿ. ಪಠ್ಯಕ್ರಮ ಕೈಗೆ ಬಂದಾಗ ಇಲ್ಲಿಯೇ ಹಾಕಿರಿ, ನಾನು ಕೂತು ನೋಡಿ ಹೇಳುತ್ತೇನೆ.